ಮಲಗಿದ್ದೀಯೇನಪ್ಪಾ?

ಲಾರಿ ಓನರುಗಳಷ್ಟು ಕರುಣಾಳುಗಳು ಈ ನಾಡಿನಲ್ಲಿ ಇನ್ಯಾರೂ ಇಲ್ಲ. ರಾತ್ರಿಯೆಲ್ಲ ಸ್ಟೇರಿಂಗ್ ಹಿಡಿದ ಡ್ರೈವರು ಬೆಳಗಿನ ಜಾವ ಹಿರಿಯೂರಿನ ಹತ್ತಿರ ಯಾವುದೋ ಡಾಬಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಸೀಟಿನ ಹಿಂದೆ ಕಾಲು ಮಡಚಿಕೊಂಡು ಮಲಗುತ್ತಾನೆ. ಅರ್ಧ ಗಂಟೆಯಾಗುವಷ್ಟರಲ್ಲಿ ಇತ್ತ ಓನರಿಗೆ ಕರುಳು ಚುರುಕ್ ಅನ್ನುತ್ತದೆ. ಫೋನು ಹಚ್ಚುತ್ತಾರೆ.

"ಮಲಗಿದ್ದೀಯೇನಪ್ಪಾ?"

"ಹೂಂ ಅಣ್ಣಾ, ಈಗ ಕಣ್ಣು ಹತ್ತಿತ್ತು."

"ಮಲಕ್ಕೋ ಮಲಕ್ಕೋ. ನಿದ್ದೆಗಣ್ಣಲ್ಲಿ ಗಾಡಿ ಓಡಿಸಬಾರದು. ಏನಿಲ್ಲ, ಪಾರ್ಟಿಯವರು ಹತ್ತು ಗಂಟೆಗೇ ಲೋಡು ಕೇಳ್ತಾವ್ರೆ, ಅದಕ್ಕೆ ಮಾಡ್ದೆ."

ಬೈದರೇ? ಇಲ್ಲ. ಹೊರಡು ಅಂದರೇ? ಅದೂ ಇಲ್ಲ. ಇನ್ನು ಅವನಿಗೆ ನಿದ್ದೆ ಬಾರದಿದ್ದರೆ ಅದು ಅವನ ಹಣೆಬರಹ.

ಹಿಂದೆ ಓನರುಗಳು "ಎಲ್ಲಿದ್ದೀಯಾ?" ಎಂದು ಕೇಳಲು ಫೋನು ಮಾಡುತ್ತಿದ್ದರು. ಈಗ ಜಿಪಿಎಸ್ ಇದೆ. ಟೋಲ್ ದಾಟಿದೊಡನೆ ಫಾಸ್ಟ್ಯಾಗ್ ಮೆಸೇಜು ನೇರ ಅವರ ಮೊಬೈಲಿಗೇ ಬರುತ್ತದೆ. ಇನ್ನಾದರೂ ಫೋನು ನಿಲ್ಲುತ್ತದೆ ಎಂದುಕೊಂಡವರು ಪೆದ್ದರು. ಎಲ್ಲಿದ್ದಾನೆಂದು ಗೊತ್ತಾದ ಮೇಲೆ "ಯಾಕೆ ನಿಂತಿದ್ದೀಯಾ?" ಎಂದು ಕೇಳುವುದು ಇನ್ನೂ ಸಲೀಸಾಯಿತು. ಪರದೆಯ ಮೇಲೆ ಚುಕ್ಕಿ ಅಲುಗದಿದ್ದರೆ ಸಾವ್ಕಾರ್ರಿಗೆ ಊಟ ಸೇರುವುದಿಲ್ಲ.

ಕಾನೂನು ಇಲ್ಲವೇ ಅಂದರೆ, ಧಾರಾಳವಾಗಿದೆ. ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ ಒಂದೇ ಸಮನೆ 9 ಗಂಟೆ ಬಿಡುವು ಕೊಡಬೇಕು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬರೆದಿಟ್ಟಿತು. ಆಗ ಮಲಗಿದ ಡ್ರೈವರನ್ನು ಎಬ್ಬಿಸಬೇಕಿದ್ದರೆ ಓನರೇ ಬಸ್ಸು ಹತ್ತಿ ಹಿರಿಯೂರಿಗೆ ಬರಬೇಕಿತ್ತು. ಅಷ್ಟು ಖರ್ಚು ಯಾರು ಮಾಡುತ್ತಾರೆ? ಐವರಿಗಿಂತ ಕಡಿಮೆ ಆಳುಗಳಿದ್ದಲ್ಲಿ ಆ ಕಾಯ್ದೆ ತಾನಾಗಿ ಅನ್ವಯಿಸುತ್ತಲೂ ಇರಲಿಲ್ಲ; ಒಂದೇ ಲಾರಿಯ ಓನರಿನ ಡ್ರೈವರಿಗೆ ನಿದ್ದೆಯೇ ಬರುವುದಿಲ್ಲ ಎಂದು ದಿಲ್ಲಿಯಲ್ಲಿ ಯಾರೋ ಕಂಡುಕೊಂಡಿರಬೇಕು. 2020ರ ಕಾರ್ಮಿಕ ಸಂಹಿತೆ ಅದನ್ನೂ ತನ್ನ ಹೊಟ್ಟೆಗೆ ಹಾಕಿಕೊಂಡಿತು. ಡಾಬಾದ ಅಂಗಳಕ್ಕೆ ಈ ಸುದ್ದಿ ಯಾವುದೂ ತಲುಪಿಲ್ಲ.

ಯುರೋಪಿನಲ್ಲಿ ದಿನಕ್ಕೆ 11 ಗಂಟೆ ಬಿಡುವು, ಕೆಲವು ದಿನ ಮಾತ್ರ 9ಕ್ಕೆ ಇಳಿಸಬಹುದು. ಆ ಹೊತ್ತು ನಡುವೆ ಮುರಿಯಕೂಡದು, ಅದು ಡ್ರೈವರಿನ ಸ್ವಂತದ್ದು. ಗಾಡಿಯ ಟ್ಯಾಕೋಗ್ರಾಫ್ ಎಲ್ಲ ಬರೆದುಕೊಳ್ಳುತ್ತದೆ. ಆದರೆ ಅದು ಬರೆಯುವುದು ಚಕ್ರ ತಿರುಗಿದರೆ. ಫೋನು ಬಂದರೆ ಅಲ್ಲ.

ನಮ್ಮಲ್ಲಿ ಕಾಗದಕ್ಕಾದರೂ ಮರ್ಯಾದೆ ಇದೆ. ಸರಕಿನ ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಆಯಸ್ಸು. ಗಾಡಿ ತಡವಾದರೆ, ಅವಧಿ ಮುಗಿಯುವ ಮುಂಚಿನ 8 ಗಂಟೆಯಲ್ಲೋ ಆಮೇಲಿನ 8 ಗಂಟೆಯಲ್ಲೋ ಅದನ್ನು ಹೆಚ್ಚಿಸಿಕೊಳ್ಳಬಹುದು. ಬಿಲ್ಲಿಗೆ ಸಿಗುವ ಈ ವಿನಾಯಿತಿ ಬಿಲ್ಲು ಹೊತ್ತುಕೊಂಡು ಹೋಗುವವನಿಗೆ ಸಿಕ್ಕಿಲ್ಲ. ಹಾಗಂತ ಸರ್ಕಾರ ಅವನನ್ನು ಮರೆತಿದೆ ಎನ್ನಬೇಡಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯ ಮಾಡಿದೆ. ಇನ್ನು ಡ್ರೈವರು ಬೆವರದೆ, ತಣ್ಣಗೆ ಎದ್ದು ಕೂತು ಓನರಿನ ಫೋನು ಎತ್ತಬಹುದು.

ಫೋನು ಆಫ್ ಮಾಡಿ ಮಲಗಲಿಕ್ಕೇನು ಧಾಡಿ ಎಂದು ಕೇಳುವವರಿದ್ದಾರೆ. ಅದೇ ಫೋನಿಗೆ ಡೀಸೆಲ್ ದುಡ್ಡು ಬರುತ್ತದೆ, ಅದೇ ಫೋನಿಗೆ ಹೆಂಡತಿಯದ್ದೂ ಬರುತ್ತದೆ. ಎತ್ತದೆ ಮಲಗಿದ ಆ ಒಂದು ಮಿಸ್ಡ್ ಕಾಲು ಬಾಟಾ ಲೆಕ್ಕ ಮಾಡುವಾಗ ಓನರಿಗೆ ಸರಿಯಾಗಿ ನೆನಪಾಗುತ್ತದೆ. ಮುಂದಿನ ಟ್ರಿಪ್ಪಿಗೆ ಬೇರೆ ಡ್ರೈವರು ಹತ್ತಿರುತ್ತಾನೆ.

ಶಿರಾದ ಆಚೆ ಗಾಡಿ ಡಿವೈಡರ್ ಹತ್ತಿದ ದಿನ ಎಫ್‌ಐಆರ್‌ನಲ್ಲಿ "ಅತಿವೇಗ ಮತ್ತು ಅಜಾಗರೂಕತೆ" ಎಂದು ಬರೆಯುತ್ತಾರೆ. ಓನರು ಕಣ್ಣೀರು ಹಾಕುತ್ತಾರೆ: "ನಿದ್ದೆಗಣ್ಣಲ್ಲಿ ಓಡಿಸಬೇಡ ಅಂತ ಬೆಳಗ್ಗೆ ತಾನೆ ಫೋನು ಮಾಡಿ ಹೇಳಿದ್ದೆ ಸಾರ್." ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

ಪೊಲೀಸರಲ್ಲಿ ಒಂದು ಮನವಿ. ಅಪಘಾತದ ಹೊತ್ತಿಗೆ ಡ್ರೈವರು ಫೋನಿನಲ್ಲಿದ್ದನೇ ಎಂದು ಕಾಲ್ ಲಿಸ್ಟ್ ತೆಗೆಸುತ್ತೀರಲ್ಲ, ಅದಕ್ಕೂ ಹಿಂದಿನ 9 ಗಂಟೆಯದ್ದನ್ನೂ ತೆಗೆಸಿ. ಅಷ್ಟರಲ್ಲಿ ಯಾರು ಎಷ್ಟು ಸಲ ಎಬ್ಬಿಸಿದ್ದಾರೆ ನೋಡಿ, ಅವರನ್ನೂ ಠಾಣೆಗೆ ಕರೆಸಿ. ಫೋನು ಮಾಡಿಯೇ ಕರೆಸಿ, ಹೊತ್ತುಗೊತ್ತು ನೋಡಬೇಡಿ.