ಸೈಲೆನ್ಸರ್ ಬಾಯಿ ಬಿಟ್ಟಾಗ

ದ್ರಾಕ್ಷಿ ಹಂಗಾಮಿನ ನಟ್ಟನಡುವೆ ನನ್ನ ಹಳೆಯ ಮಿನಿ ಲಾರಿಯ ಸೈಲೆನ್ಸರ್ ಬಾಯಿ ಬಿಟ್ಟಿತು. ತಿಕೋಟಾ ದಾಟುವಾಗ ಢಬ್ ಅಂದದ್ದೇ ತಡ, ಅಥಣಿ ರಸ್ತೆಯ ನಾಯಿಗಳೆಲ್ಲ ಎದ್ದು ನಿಂತವು. ವಿಜಯಪುರ ಸೇರುವಷ್ಟರಲ್ಲಿ ನನ್ನ ಎರಡೂ ಕಿವಿ ರಜೆ ಹಾಕಿದ್ದವು. ಊರ ಪಶ್ಚಿಮದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಹಾರಿಸಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿಗೆ ಧುಮುಕುತ್ತಿದ್ದನಂತೆ. ನನಗೆ ಆ ಸೌಕರ್ಯವೂ ಇರಲಿಲ್ಲ.

1549ರಲ್ಲಿ ಎರಕ ಹೊಯ್ದ ಆ 55 ಟನ್ನಿನ ತೋಪಿಗೆ ಇವತ್ತಿಗೂ ಜಂಗು ಹತ್ತಿಲ್ಲ. ಅದು ಕಂಚಿನ ಕುಲ. ನಮ್ಮದು ಪತ್ರಾ.

ಹೊಗೆಯ ವಿಷಯದಲ್ಲಿ ಮಾತ್ರ ಗಾಡಿ ಸುಧಾರಿಸಿದಂತಿತ್ತು. ಬಾಲದ ತುದಿಯಲ್ಲಿ ಹೊಗೆಯೇ ಇಲ್ಲ! ಹೊಗೆ ತಪಾಸಣೆಯವರು ನಳಿಗೆ ತೂರಿಸುವುದು ಅದೇ ತುದಿಗಲ್ಲವೇ, ಈ ಸಲ ಪಾಸು ಎಂದುಕೊಂಡೆ. ಕೆಮ್ಮು ಹತ್ತಿದ ಮೇಲೆ ತಿಳಿಯಿತು, ಹೊಗೆಯೆಲ್ಲ ನಡುವಿನ ತೂತಿನಿಂದ ನುಗ್ಗಿ ಕ್ಯಾಬಿನ್ನಿನಲ್ಲಿ ನನ್ನ ಮಗ್ಗುಲಿಗೇ ಕೂತಿದೆ ಎಂದು.

ಮಿಸ್ತ್ರಿ ನಟ್ಟುಗಳಿಗೆ ಚಿಮಣಿ ಎಣ್ಣೆ ಸುರಿದು ಚಹಾ ಕುಡಿದು ಬಂದ. ಪಾನಾ ಹಚ್ಚಿದರೆ ಎರಡು ನಟ್ಟು ಸವೆದು ದುಂಡಗಾದವು, ಮೂರನೆಯದು ಬೋಲ್ಟಿನ ಕುತ್ತಿಗೆಯನ್ನೇ ಮುರಿದುಕೊಂಡು ಬಂತು. ಸ್ಕ್ರೂಡ್ರೈವರ್ ಚುಚ್ಚಿದ, ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಹೋದ ವರ್ಷ ನಾನೇ ಆಯಿಲ್ ಡಬ್ಬಿಯ ಪತ್ರಾ ಸುತ್ತಿ ತಂತಿ ಬಿಗಿದಿದ್ದ ಪಟ್ಟಿ ಮಾತ್ರ ಗಟ್ಟಿಮುಟ್ಟಾಗಿತ್ತು. ಅದು ಹಿಡಿದುಕೊಳ್ಳಬೇಕಾದ ಸೈಲೆನ್ಸರ್ ಇರಲಿಲ್ಲ.

"ಕಾಕಾ, ಇದು ನೀರ ಕುಡದು ಸತ್ತದ ನೋಡ್ರಿ."

"ನೀರ? ನಮ್ಮ ಸೀಮ್ಯಾಗ?"

ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಲೀಟರ್ ನೀರೇ ಹುಟ್ಟುತ್ತದೆ. ದೂರ ಓಡಿದ ಗಾಡಿಯ ಪೈಪು ಕಾದು ಅದೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ನನ್ನದೋ, ತೋಟದಿಂದ ಒಣದ್ರಾಕ್ಷಿ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ. ಪೈಪು ಕಾಯುವ ಮೊದಲೇ ಕೀಲಿ ತಿರುವುತ್ತೇನೆ. ಆವಿ ಒಳಗೇ ತಣಿದು, ಡೀಸೆಲ್ಲಿನ ಗಂಧಕ ಬೆರೆತು ಆಮ್ಲವಾಗಿ, ಪತ್ರಾವನ್ನು ಒಳಗಿನಿಂದಲೇ ಮೇಯುತ್ತದೆ. ಹೊರಗೆ ಬಣ್ಣ ಹಚ್ಚಿಸಿದ ರೊಕ್ಕ ದಂಡ.

ನಾಲ್ಕು ಬೋರು ಹೊಡೆಸಿ ಮೂರರಲ್ಲಿ ಧೂಳು ಕಂಡವನು ನಾನು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆ ಈ ಕಡೆ ಹತ್ತಿ ಬರುವ ತನಕ ಬಳ್ಳಿಗೆ ಟ್ಯಾಂಕರ್ ನೀರು ಕೊಂಡು ಕುಡಿಸಿದವನು. ಆಗೆಲ್ಲ ಗಂಗವ್ವ ನನ್ನ ಸೀಟಿನ ಕೆಳಗೇ ಕೂತಿದ್ದಳು!

ಮಿಸ್ತ್ರಿ ಸತ್ತ ಸೈಲೆನ್ಸರನ್ನು ಓರೆ ಮಾಡಿದ. ಮೊದಲು ಮಸಿ ಉದುರಿತು, ಆಮೇಲೆ ಜಂಗಿನ ಹಕ್ಕಳೆ, ಕೊನೆಗೆ ಚಹಾದ ಕಪ್ಪಿನಷ್ಟು ಕೆಂಪು ರಾಡಿ ನೀರು. ಟ್ರ್ಯಾಕ್ಟರ್ ಪಂಕ್ಚರ್ ತೆಗೆಸಲು ಬಂದಿದ್ದ ನಮ್ಮೂರ ಹುಡುಗ ಬಗ್ಗಿ ನೋಡಿ, ನಗದೆ ಕೇಳಿದ:

"ಕಾಕಾ, ಎಷ್ಟ ಫೂಟಿಗೆ ಬಿತ್ರಿ ನೀರ?"

"ಮೂರ ಫೂಟಿಗೆ," ಅಂದೆ.