ಇಲ್ಲಿ ತಂದು ಬಿಡಿ

ರಾಜ್ಯೋತ್ಸವದ ವೇಷಭೂಷಣ ಸ್ಪರ್ಧೆಗೆ ಮಕ್ಕಳ ಫೋಟೋ ತುಂಬಿಸಲು ಒಂದು ವೆಬ್ ಪುಟ ಬೇಕೆಂದು ಸಂಘದವರು ಕೇಳಿದ್ದೇ ತಡ, ನಮ್ಮವರು ಒಪ್ಪಿಕೊಂಡುಬಿಟ್ಟರು. ಅಮೆರಿಕದ ಎಡಿಸನ್ನಿನ ನಮ್ಮ ಮನೆಯಲ್ಲಿ ನಲ್ಲಿ ಸೋರಿದರೆ ತಿಂಗಳುಗಟ್ಟಲೆ ಕಾಯಬೇಕು. ಸಂಘದ ಕೆಲಸ ಅದೇ ರಾತ್ರಿ ಶುರು. ಬರೀ ಬಟನ್ ಇಟ್ಟರೆ ಮರ್ಯಾದೆಯಲ್ಲವಂತೆ. ಚುಕ್ಕಿಗೆರೆಯ ಚೌಕ ಬಂತು, ಅದರೊಳಗೆ 'ಫೋಟೋ ಎಳೆದು ಇಲ್ಲಿ ತಂದು ಬಿಡಿ' ಎಂಬ ಒಕ್ಕಣೆ.

ಮೊದಲ ಪರೀಕ್ಷೆ ಹಾಸನದಿಂದ ಬಂದಿದ್ದ ಅತ್ತೆಯವರದು. ಒನಕೆ ಓಬವ್ವನ ವೇಷದ ಮೊಮ್ಮಗಳನ್ನು ಮೌಸಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಚೌಕದ ಮೇಲೆ ಬಿಟ್ಟರು. ಪುಟವೇ ಮಾಯ! ಪರದೆ ತುಂಬ ಓಬವ್ವ.

"ಎಷ್ಟು ದೊಡ್ಡದಾಗಿ ಬಂತು ನೋಡೇ!" ಅತ್ತೆಗೆ ಹಿಗ್ಗೋ ಹಿಗ್ಗು. ಮಗನ ಮುಖ ಹುಳ್ಳಗೆ.

ಫೈಲ್ ತಂದು ಬಿಟ್ಟರೆ ಬ್ರೌಸರ್ ಅದನ್ನು ತಾನೇ ತೆರೆದು ಕೂರುತ್ತದೆ. ಹಾಗಾಗಬಾರದೆಂದರೆ 'ಡ್ರಾಪ್' ಆದಾಗ ಪ್ರಿವೆಂಟ್‌ಡಿಫಾಲ್ಟ್ ಕರೆದರೆ ಸಾಲದು. ಫೈಲ್ ಚೌಕದ ಮೇಲೆ ಸುಳಿದಾಡುವಷ್ಟು ಹೊತ್ತೂ ಬರುತ್ತಲೇ ಇರುವ 'ಡ್ರಾಗ್‌ಓವರ್'ಗೂ ಪ್ರತಿ ಸಲ ಕರೆಯಬೇಕು.

"ಬಾಗಿಲಿಗೆ ಬಂದೋರಿಗೆ ಬನ್ನಿ ಬನ್ನಿ ಅಂತಾನೇ ಇರ್ಬೇಕು ಕಣೋ. ಇಷ್ಟು ಓದಿದೀಯ, ಗೊತ್ತಿಲ್ವಾ?" ಎಂದರು ಅತ್ತೆ.

ಮುಂದಿನ ಕಾಟ: ಫೈಲ್ ಬಂದಾಗ ನೀಲಿಯಾಗಬೇಕಿದ್ದ ಚೌಕ ಪಕಪಕ ಮಿನುಗತೊಡಗಿತು. ಮೌಸು ಒಳಗಿನ ಅಕ್ಷರಗಳ ಮೇಲೆ ಹೋದೊಡನೆ ಚೌಕಕ್ಕೆ 'ಡ್ರಾಗ್‌ಲೀವ್' ತಲುಪುತ್ತದೆ, ಫೈಲ್ ಹೊರಟೇಹೋಯಿತೆಂದು ಅದು ಬಣ್ಣ ಕಳಚುತ್ತದೆ. "ಇಲ್ಲೂ ಕರೆಂಟು ಹೋಗಿ ಬರುತ್ತಾ?" ಎಂದು ಅತ್ತೆ ಫ್ರಿಜ್ ಕಡೆ ನೋಡಿದರು. ಈ ಎಳೆದು ಬಿಡುವ ವ್ಯವಸ್ಥೆಯ ಬೇರು 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿದೆಯೆಂದು, ತಪ್ಪೆಲ್ಲ ಮೈಕ್ರೋಸಾಫ್ಟಿನ ಮೇಲೆ ಹೊರಿಸಿ, ನಮ್ಮವರು ಎರಡನೇ ಕಾಫಿ ಕೇಳಿದರು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಜನ ಫೋನಿನಲ್ಲಿ ತೆರೆದರು. ಫೋನಿನಲ್ಲಿ ಎಲ್ಲಿಂದ ಏನನ್ನು ಎಳೆಯುವುದು? ಕೊನೆಗೆ 1995ರ ಹೊತ್ತಿಗೇ ಹುಟ್ಟಿದ್ದ, ಮರ್ಯಾದೆಯಿಲ್ಲದ ಆ 'ಫೈಲ್ ಆರಿಸಿ' ಬಟನ್ನೇ ಚೌಕದ ಕೆಳಗೆ ಬಂದು ಕೂತಿತು.

ಫೋಟೋ ಮಾತ್ರ ಬರಲೆಂದು ಹಾಕಿದ್ದ 'ಆಕ್ಸೆಪ್ಟ್' ಕಟ್ಟಳೆ ಬಟನ್ನಿಗಷ್ಟೇ ಅನ್ವಯ, ಎಳೆದು ಬಿಟ್ಟದ್ದಕ್ಕಲ್ಲ. ಹೀಗಾಗಿ ಪುಟಾಣಿ ಚೆನ್ನಮ್ಮ, ಕೆಂಪೇಗೌಡರ ನಡುವೆ ಖಜಾಂಚಿಯವರು ಬಿಟ್ಟ ಪಿಡಿಎಫ್ ಒಂದು ಸಿಕ್ಕಿತು: ಕಳೆದ ಯುಗಾದಿಯ ಊಟದ ಬಿಲ್ಲು. ಅತ್ತೆ ಕನ್ನಡಕ ಏರಿಸಿದರು.

"ಒಂದು ಹೋಳಿಗೆಗೆ ನಾಲ್ಕು ಡಾಲರ್ರಾ?"

ಭಾನುವಾರದ ಸಭೆಯಲ್ಲಿ ವೇಷಭೂಷಣದ ಸುದ್ದಿಯನ್ನು ಯಾರೂ ಎತ್ತಲಿಲ್ಲ.