ಋಷಿಮೂಲ ವಿಚಾರ: ಒಂದು ಬೇಲಿ ಸಂಶೋಧನೆ

ಋಷಿಮೂಲ, ನದೀಮೂಲ ಕೆದಕಬಾರದೆಂದು ಹಿರಿಯರ ಕಟ್ಟಪ್ಪಣೆ. ವೇದಾವತಿಯ ಮೂಲಕ್ಕೆ ನಾವು ಕೈಹಾಕಿಲ್ಲ. ಹಿರಿಯೂರಿನ ಮಾರಿಕಣಿವೆಯಲ್ಲಿ ಅವಳು ನಿಂತಿದ್ದಷ್ಟನ್ನೇ ನೋಡಿ ಬಂದಿದ್ದೇವೆ. ಋಷಿಯದ್ದು ಮಾತ್ರ ಬಿಡಲಾಗಲಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಹಾದಿಯಲ್ಲಿ ನಮ್ಮ ಪಂಚೆ ಹಿಡಿದೆಳೆದ ಲಂಟಾನಕ್ಕೆ ಇಂಗ್ಲಿಷಿನಲ್ಲಿ ‘ವೈಲ್ಡ್ ಸೇಜ್’ ಎಂಬ ಹೆಸರೂ ಉಂಟು. ವೈಲ್ಡ್ ಎಂದರೆ ಕಾಡು, ಸೇಜ್ ಎಂದರೆ ಋಷಿ. ಆದಕಾರಣ ಲಂಟಾನವು ಕಾಡುಋಷಿ. ಇತಿ ಸಿದ್ಧಂ.

ಗಿಡದ ಸೇಜ್ ಲ್ಯಾಟಿನ್ನಿನ ‘ಸಾಲ್ವಿಯಾ’ದಿಂದ, ಜ್ಞಾನಿ ಸೇಜ್ ‘ಸಾಪೆರೆ’ಯಿಂದ ಬಂದದ್ದು, ಅಲ್ಲದೆ ಲಂಟಾನ ಸಾಲ್ವಿಯಾವೇ ಅಲ್ಲ ಎಂದು ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ತಕರಾರು ತೆಗೆದರು. ಅವರಿಗೆ ಎರಡನೇ ಕಾಫಿ ಕೊಡಲಿಲ್ಲ.

ಋಷಿಲಕ್ಷಣಗಳಿಗೇನು ಕಡಿಮೆ? ಗೊಂಚಲಿನ ನಡುವಿನ ಎಳೆಹೂ ಹಳದಿ. ಪರಾಗಸ್ಪರ್ಶವಾದ ಮೇಲೆ ಕಿತ್ತಳೆ, ಕೆಂಪು. ಅಂದರೆ ಸಂಸಾರ ಮುಗಿಸಿಯೇ ಕಾವಿ. ಮಳೆ ಕೈಕೊಟ್ಟು ಶೇಂಗಾ ಬಾಡಿದರೂ ಬೇಲಿ ಹಸಿರು. ಶಾಪವೂ ಖರೆ: ಎಲೆ ಮೇಯ್ದ ದನಕ್ಕೆ ಯಕೃತ್ತು ಕೆಟ್ಟು, ಬಿಸಿಲು ಬಿದ್ದಲ್ಲಿ ಚರ್ಮ ಸುಲಿಯುತ್ತದೆ. ಅಮೆರಿಕದ ಈ ಮಹಾತ್ಮರು 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದರು. ಪಿಕಳಾರಗಳು ಶಿಷ್ಯವೃತ್ತಿ ಹಿಡಿದು, ಹಣ್ಣು ನುಂಗಿ, ಬೀಜಪ್ರಸಾದವನ್ನು ಊರೂರಿಗೆ ಹಂಚಿದವು.

ಇನ್ನು ನಾಮಧೇಯ. ಪುಸ್ತಕಗಳಲ್ಲಿ ಚದುರಂಗ, ಕಾಡುಗುಲಾಬಿ, ನಾತದ ಹೂ ಎಂದೆಲ್ಲ ಇದೆ. ಕಾಂಡ ನಾಲ್ಕು ಮೂಲೆಯದ್ದಾದ್ದರಿಂದ ಚದುರಂಗ ಎಂಬುದು ನಮ್ಮ ಊಹೆ. ಊಹೆಯಾದ್ದರಿಂದಲೇ ಅದನ್ನು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೇವೆ. ಪುಸ್ತಕ ನಂಬದೆ ಕೆಂಪು ಬಸ್ಸು ಹತ್ತಿದೆವು. ಹೊಳಲ್ಕೆರೆಯ ಅಡಿಕೆ ತೋಟದವರು, “ಅದಾ? ಬೇಲಿ” ಎಂದರು. ಹೊಸದುರ್ಗದ ಟೀ ಅಂಗಡಿಯಲ್ಲಿ, “ಅದಾ? ಎಂಥದೋ ಮುಳ್ಳು.” ಹಿರಿಯೂರಿನ ಕುರಿಗಾಹಿ ನಮ್ಮ ಕಡೆ ತಿರುಗದೆ ಕುರಿಗೇ ಹೇಳಿದ: “ಅದಾ, ಮುಟ್ಬ್ಯಾಡ!” ಬೇಲಿ, ಎಂಥದೋಮುಳ್ಳು, ಮುಟ್ಬ್ಯಾಡ ಎಂಬ ಮೂರು ಉಪಭಾಷಾ ರೂಪಗಳನ್ನು ಹೀಗೆ ದಾಖಲಿಸಿದೆವು. ಮೂರರಲ್ಲೂ ಮುಂದೆ ನಿಂತಿರುವ ‘ಅದಾ’ ಎಂಬುದೇ ಮೂಲ ದ್ರಾವಿಡ ರೂಪವೆಂದು ತಿಳಿಯದವರು ಭಾಷಾಶಾಸ್ತ್ರಕ್ಕೆ ಬರಬಾರದು.

ದುರ್ಗದ ಮಾಹಿತಿ ಬಾಕಿ ಇತ್ತು. ಜೋಗಿಮಟ್ಟಿ ಬುಡದಲ್ಲಿ ಅಜ್ಜಿಯೊಬ್ಬರು ಅದನ್ನೇ ಸವರುತ್ತಿದ್ದರು. ನಾವು ಎಲೆ ಹಿಸುಕಿ ಮೂಸಿ, ಸೀನಿ, ಹೆಸರು ಕೇಳಿದೆವು. ಅಜ್ಜಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಒಣಗಿದ್ರೆ ಸೌದೆ ಆಗ್ತೈತೆ. ಕೆಲ್ಸ ಇಲ್ದಿದ್ರೆ ಹಿಡೀರಿ” ಎಂದು ಕುಡುಗೋಲು ಕೈಗಿಟ್ಟರು.

ನಾಲ್ಕನೆಯ ರೂಪ: ಸೌದೆ. ಎರಡು ಹೊರೆಯಾಯಿತು.